ಗಾಜಿನ ಹಿಂದಿನ ಬಿಸಿಲು

ನಮ್ಮ ಗುಬ್ಬಿ ಮೆಟ್ಟಿಲು ಹತ್ತುವುದನ್ನು ನಿಲ್ಲಿಸಿ ಎರಡು ತಿಂಗಳಾಗಿತ್ತು. ಅಣ್ಣನ ಮಗಳು, ಏಳು ವರ್ಷ. ಆಟಿಸಂ ಇದೆ, ಮಾತು ಬಂದಿಲ್ಲ. ಮೆಟ್ಟಿಲ ಬುಡದಲ್ಲಿ ಕೂತುಬಿಡುವಳು, ಎಬ್ಬಿಸಿದರೆ ಕಿರುಚುವಳು. ಹಠ ಅಂದೆವು. ಅತ್ತೆಯಾದ ನಾನೇ ಎಲ್ಲರಿಗಿಂತ ಜೋರಾಗಿ ಅಂದೆ. ಒಂದು ದಿನ ರಟ್ಟೆ ಹಿಡಿದು ಎಳೆದೂ ಇದ್ದೆ.

ಮನೆಮನೆಗೆ ಬರುವ ನರ್ಸಕ್ಕ, ಮಗು ಏನು ತಿನ್ನುತ್ತೆ, ಎಲ್ಲಿ ಆಡುತ್ತೆ ಎಂದು ವಿಚಾರಿಸಿದರು. ಬರೀ ಅನ್ನ, ಬಿಸ್ಕತ್ತು. ಹಾಲು, ಮೊಟ್ಟೆ ಮುಟ್ಟುವುದಿಲ್ಲ. ಬೀದಿಯ ಗದ್ದಲಕ್ಕೆ ಕಿವಿ ಮುಚ್ಚಿಕೊಳ್ಳುತ್ತಾಳೆಂದು ಹೊರಗೆ ಕರೆದೊಯ್ಯುವುದನ್ನೂ ಬಿಟ್ಟಿದ್ದೆವು. ಇಂಥ ಮಕ್ಕಳಲ್ಲಿ ಎಷ್ಟೋ ಸಲ ವಿಟಮಿನ್ ಡಿ ಕಡಿಮೆ ಇರುತ್ತೆ, ರಕ್ತ ಪರೀಕ್ಷೆ ಮಾಡಿಸಿ ಅಂದರು.

ಅಣ್ಣನಿಗೆ ನಗು ಬಂತು. ಅವನು ಕಿಟಕಿಗಳಿಗೆ ಗಾಜು ಕೂರಿಸುವವನು. ಮಗಳಿಗೆಂದೇ ಮುಂದಿನ ಕೋಣೆಗೆ ಗೋಡೆಯಗಲದ ದಪ್ಪ ಗಾಜು ಹಾಕಿದ್ದ. ಸದ್ದು ಬರಬಾರದು, ಬಿಸಿಲು ಬರಬೇಕು ಎಂದು ಅವನ ಲೆಕ್ಕ. ಗುಬ್ಬಿ ಹಗಲೆಲ್ಲ ಅಲ್ಲೇ ಅಂಗಿ ಗುಂಡಿಗಳನ್ನು ಸಾಲಾಗಿ ಜೋಡಿಸುತ್ತಾ ಕೂರುತ್ತಿದ್ದಳು.

"ನನ್ನ ಮಗಳು ಬಿಸಿಲಲ್ಲೇ ಬೆಳೀತಿದಾಳೆ ಅಕ್ಕಾ. ಬೇಕಾದ್ರೆ ನೀವು ಪರೀಕ್ಷೆ ಮಾಡಿಸ್ಕೊಳ್ಳಿ," ಅಂದ.

ಅತ್ತಿಗೆ ನಗಲಿಲ್ಲ. ಮರುದಿನವೇ ನಮ್ಮನ್ನೆಲ್ಲ ಆಸ್ಪತ್ರೆಗೆ ಹೊರಡಿಸಿದಳು.

ರಕ್ತದಲ್ಲಿ ವಿಟಮಿನ್ ಡಿ ಇಪ್ಪತ್ತಾದರೂ ಇರಬೇಕಾದ ಕಡೆ ಐದು ಇತ್ತು. ಎಕ್ಸ್‌ರೇಯಲ್ಲಿ ಮೂಳೆ ಮೆತ್ತಗಾಗಿದ್ದು ಕಂಡಿತು. ಯಾರದೋ ವರದಿ ಅದಲುಬದಲಾಗಿದೆ ಎಂದು ಅಣ್ಣ ವಾದಕ್ಕಿಳಿದು, ತನ್ನ ಕಿಟಕಿಯ ಕತೆ ಹೇಳಿದ.

"ಗಾಜಿನ ಹಿಂದೇನಾ?" ಎಂದರು ಡಾಕ್ಟರಮ್ಮ. "ಚರ್ಮ ವಿಟಮಿನ್ ಡಿ ಮಾಡ್ಕೊಳ್ಳೋಕೆ ಬೇಕಾದ ಕಿರಣಾನ ಗಾಜು ತಡೆದುಬಿಡುತ್ತೆ. ಇವಳಿಗೆ ಕಾಲು ನೋಯ್ತಿತ್ತು. ಹೇಳೋಕೆ ಬರ್ಲಿಲ್ಲ ಅಷ್ಟೇ."

ನೋಯುವ ಕಾಲಿನ ಮಗುವನ್ನು ನಾನು ದರದರ ಎಳೆದಿದ್ದೆ. ಇಪ್ಪತ್ತು ವರ್ಷ ಗಾಜು ಕತ್ತರಿಸಿದ ಅಣ್ಣ ವರದಿಯನ್ನು ಮತ್ತೆ ಕೈಗೆತ್ತಿಕೊಂಡು ಮೊದಲಿನಿಂದ ಓದತೊಡಗಿದ.

ವಿಟಮಿನ್ ಡಿ ಔಷಧಿ ಕೊಟ್ಟರೆ ಆಟಿಸಂ ವಾಸಿಯಾಗುತ್ತದಾ ಎಂದು ಅತ್ತಿಗೆ ಕೇಳಿದಳು. ಇಲ್ಲ, ಆದರೆ ಮೂಳೆ ಗಟ್ಟಿಯಾಗುತ್ತೆ, ನೋವು ಹೋಗುತ್ತೆ ಎಂದರು. ಔಷಧಿ ಬರೆದಷ್ಟೇ ಕೊಡಬೇಕು, ಹೆಚ್ಚಾದರೆ ಕಿಡ್ನಿಗೆ ಪೆಟ್ಟು ಎಂದು ಎರಡೆರಡು ಸಲ ಹೇಳಿದರು.

ಅಣ್ಣ ದಿನಾ ಬೆಳಿಗ್ಗೆ ಮಗಳ ಕಿವಿಗೆ ಸದ್ದು ತಡೆಯುವ ಮುಚ್ಚಳ ಹಾಕಿ, ಸ್ವಲ್ಪ ಹೊತ್ತು ತಾರಸಿಗೆ ಎತ್ತಿಕೊಂಡು ಹೋಗತೊಡಗಿದ. ನಾಲ್ಕನೇ ತಿಂಗಳು ಗುಬ್ಬಿ ಗುಂಡಿ ಡಬ್ಬಿ ಹಿಡಿದು ತಾನೇ ಮೆಟ್ಟಿಲು ಹತ್ತಿದಳು. ಖುಷಿಗೆ ನಾನು ಕೈ ಚಾಚಿದೆ. ಆ ಕೈ ಕಂಡು ಅವಳು ಗೋಡೆಗೆ ಒತ್ತಿಕೊಂಡಳು.

ನಿಮ್ಮ ಮನೆಯಲ್ಲೂ ಇಂಥ ಮಗು ಇದ್ದರೆ ಈ ವಾರವೇ ಡಾಕ್ಟರನ್ನು ಕೇಳಿ, ಪರೀಕ್ಷೆ ಮಾಡಿಸಿ. ನೀವಾಗಿಯೇ ಔಷಧಿ ಕೊಡಬೇಡಿ. ಹಠ ಅನ್ನುವ ಮೊದಲು ಎಲ್ಲಿ ನೋಯುತ್ತಿದೆ ಎಂದು ಮುಟ್ಟಿ ನೋಡಿ. ನಾನು ನೋಡಲಿಲ್ಲ.