ಗೌಸನ ಕೋಟು

೧೯೮೧ರಲ್ಲಿ ಹುಮನಾಬಾದಿನ ವೈಜನಾಥ ಮಾಸ್ತರರು ಮಾಜಿ ಸೈನಿಕರ ಮಾತುಗಳನ್ನು ಟೇಪಿನಲ್ಲಿ ಹಿಡಿದಿಡುತ್ತ ಊರೂರು ತಿರುಗುತ್ತಿದ್ದರು. ಹಾಗೆ ಅವರು ಕಂಡ ಕೊಹಿನೂರು ಹಳ್ಳಿಯ ಮಹಾರುದ್ರಪ್ಪ ೧೯೬೨ರ ಚೀನಾ ಯುದ್ಧದಲ್ಲಿ ಜೊತೆಗಿದ್ದ ಗೆಳೆಯ ಗೌಸನನ್ನು ಕಳೆದುಕೊಂಡಿದ್ದ.

"ಗುಂಡು ಹತ್ತಿದ್ದು ಖರೆ, ಆದ್ರ ಗೌಸಗ ಜೀವ ಇತ್ತರಿ," ಎಂದ ಮಹಾರುದ್ರಪ್ಪ. "ಆ ಹಿಮದಾಗ ನಾ ಅವನ ಕೋಟು ಬಿಚ್ಚಿಕೊಂಡು ಓಡಿದೆ. ಬಿಟ್ಟು ಹೋಗಬ್ಯಾಡೋ ಅಂತ ಒದರಾಕತ್ತಿದ್ದ. ಗುಂಡು ಬಿದ್ದ ಕೂಡ್ಲೇ ಸತ್ತಾ ಅಂತ ಅವನ ಮನ್ಯಾಗ ಸುಳ್ಳು ಹೇಳೀನಿ."

ಆಮೇಲೆ ಮಾಸ್ತರರ ಕೈ ಹಿಡಿದು ಬೇಡಿಕೊಂಡ: "ಈ ಟೇಪ ನಿರ್ಣಾ ಊರಾಗಿರೋ ಅವನ ಅಕ್ಕ ಕರೀಮಾಗ ಕೇಳಸ್ರಿ. ನನ್ನ ಬಾಯಿಲೆ ಆಗಂಗಿಲ್ಲ."

ಮರುದಿನ ಕರೀಮಾ ತನ್ನ ಮನೆಯಲ್ಲಿ ಮಾಸ್ತರರು ತಂದ ಟೇಪನ್ನು ಕೊನೆಯವರೆಗೂ ಕೇಳಿದಳು. ಅಳಲಿಲ್ಲ.

"ಹತ್ತೊಂಬತ್ತು ವರ್ಷ ಪ್ರತಿ ಈದಿಗಿ ಬಂದು ನಮ್ಮನ್ಯಾಗ ಉಂಡು ಹೋಗ್ಯಾನ್ರಿ. ತಮ್ಮ ಅಂತ್ಹೇಳಿ ನನ್ನ ಕೈಯಾರೆ ಬಡಸೀನಿ," ಎಂದಳು. "ಇನ್ನ ಬರಬ್ಯಾಡ ಅಂತ ಹೇಳ್ರಿ, ಮಾಸ್ತರ."