ತಿರುಗಿಸಿ ನೋಡದ ಶೂ

"ಎದ್ದೇಳೇ ಮೇಲೆ! ಗಿರಾಕಿ ಬಂದಿರೋದು ಕಣ್ಣಿಗೆ ಕಾಣಲ್ವಾ?"

ಚಪ್ಪಲಿ ಅಂಗಡಿಯ ಯಜಮಾನರ ಗಂಟಲು ಬೀದಿಯ ಆ ತುದಿಗೂ ಕೇಳುವಂಥದ್ದು. ಬೈಸಿಕೊಂಡವಳು ಅವರ ಒಬ್ಬಳೇ ಮಗಳು, ಇಪ್ಪತ್ತೇಳರ ಬುಗುರಿ. ಚಿಕ್ಕಂದಿನಲ್ಲಿ ಒಂದು ಕಡೆ ನಿಲ್ಲದೆ ಗಿರಗಿರನೆ ಸುತ್ತುತ್ತಿದ್ದಳೆಂದು ಬಿದ್ದ ಹೆಸರು ಅದು. ಈಗ ಆಕೆ ಕಪಾಟು ಹಿಡಿದು, ತುಟಿ ಕಚ್ಚಿ, ಎಡಗಾಲನ್ನು ಎಳೆದುಕೊಂಡು ಎದ್ದಳು. ಈ ಅಂಗಡಿಯಲ್ಲಿ ಕೆಲಸದವರು ಕೂರುವಂತಿಲ್ಲ. ಗಿರಾಕಿಗಳಿಗೆ ಗಿಡ್ಡ ಸ್ಟೂಲು. ಗಲ್ಲಾದ ಹಿಂದೆ ಯಜಮಾನರಿಗೆ ಅವರಪ್ಪನ ಕಾಲದ, ಕೈ ಇರುವ ಎತ್ತರದ ಕುರ್ಚಿ. ಮಿಕ್ಕವರು ನಿಂತಿರಬೇಕು, ಇಲ್ಲವೇ ಗಿರಾಕಿಯ ಕಾಲ ಬಳಿ ಮಂಡಿಯೂರಬೇಕು. ಮಗಳೆಂದು ರಿಯಾಯಿತಿ ಏನೂ ಇರಲಿಲ್ಲ.

ಬಂದವನು ಪೋಸ್ಟ್‌ಮ್ಯಾನ್. ಯಜಮಾನರು ಅವನ ಹಳೆಯ ಶೂ ಕೈಗೆತ್ತಿಕೊಂಡು ಅಡಿ ಮೇಲೆ ಮಾಡಿದರು. ಹೊಸದು ತೋರಿಸುವ ಮೊದಲು ಹಳೆಯದರ ಅಡಿ ನೋಡುವುದು ಅವರ ಪದ್ಧತಿ. ಅದನ್ನು ನೋಡಲೆಂದೇ ಬರುವವರೂ ಇದ್ದರು.

"ಒಳಮಗ್ಗುಲು ಸವೆದಿದೆಯಲ್ಲ. ಬಲಮಂಡಿ ನೋಯತ್ತಾ?"

"ಅಯ್ಯೋ, ಹೌದು ಯಜಮಾನ್ರೇ! ಮನೇಲೂ ಹೇಳಿಲ್ಲ ನಾನು."

"ಮೊದಲು ಡಾಕ್ಟರಿಗೆ ತೋರಿಸಿ. ನೋವನ್ನ ಹೊಟ್ಟೇಲಿಟ್ಕೊಂಡು ಓಡಾಡಿದ್ರೆ ಯಾರಿಗೆ ಏನು ಬಂತು?"

ಬುಗುರಿಗೆ ಮೈಯೆಲ್ಲ ಉರಿದುಹೋಯಿತು. ಬೀದಿಯವರ ಮಂಡಿಗೆ ಇಷ್ಟು ಮರುಗುವ ಮನುಷ್ಯ ಮನೆಯಲ್ಲಿ ಆಡುವ ಮಾತೇ ಬೇರೆ.

ಎಡಸೊಂಟದ ಕೀಲಿನ ಮೂಳೆಗೆ ರಕ್ತ ಹರಿಯುವುದು ನಿಂತು, ಅದು ಒಳಗೊಳಗೇ ಸತ್ತು ಕುಸಿದಿತ್ತು. ಕೀಲು ಬದಲಿಸದೆ ಬೇರೆ ದಾರಿಯಿಲ್ಲ ಎಂದಿದ್ದರು ಡಾಕ್ಟರು. ತಯಾರಿಯನ್ನೆಲ್ಲ ಅವಳೊಬ್ಬಳೇ ಮಾಡಿಕೊಂಡಿದ್ದಳು. ಬಾಯಿಯ ಸೋಂಕು ಹೊಸ ಕೀಲಿಗೆ ಇಳಿಯಬಾರದೆಂದು ಹುಳುಕು ಹಲ್ಲು ಕೀಳಿಸಿಕೊಂಡು ಬಂದಳು. ಊರುಗೋಲು ಹಿಡಿದು ಮೆಟ್ಟಿಲು ಹತ್ತಿ ಇಳಿಯುವುದನ್ನು ಈಗಲೇ ರೂಢಿ ಮಾಡಿಕೊಂಡಳು. ಎಡವಿಸುವ ಚಾಪೆಗಳನ್ನು ಸುತ್ತಿ ಅಟ್ಟಕ್ಕೆ ಹಾಕಿದಳು. ಒಂದು ಮಾತ್ರ ಅವಳ ಕೈಯಲ್ಲಿರಲಿಲ್ಲ. ಶನಿವಾರ ಆಸ್ಪತ್ರೆಯಲ್ಲಿ ತರಗತಿ; ಆಪರೇಷನ್ ಆದಮೇಲೆ ಮನೆಯಲ್ಲಿ ನೋಡಿಕೊಳ್ಳುವವರು ಜೊತೆಗೆ ಬಂದು ಕಲಿಯಬೇಕು. ಅಂಥವರು ಯಾರೂ ಇಲ್ಲದಿದ್ದರೆ ಆಪರೇಷನ್ನಿಗೆ ತಾರೀಕು ಕೊಡುವುದಿಲ್ಲ. ಅಮ್ಮ ಇಲ್ಲದ ಮನೆ. ಇದ್ದವರು ಅಪ್ಪ ಮತ್ತು ಅಪ್ಪನ ಅಕ್ಕ.

ಗುರುವಾರ ಊಟಕ್ಕೆ ಕೂತಾಗ ಬುಗುರಿ ಮಾತು ತೆಗೆದಳು. ಅತ್ತೆಯೇ ಮೊದಲು ಬಾಯಿ ಹಾಕಿದರು.

"ಈ ವಯಸ್ಸಲ್ಲಿ ಕೀಲು ಬದಲಾಯ್ಸೋದಾ? ನನಗೆ ಅರವತ್ತೆಂಟು. ಮಂಡಿಗೆ ಎಣ್ಣೆ ತಿಕ್ಕೊಂಡು ಸುಮ್ಮನಿಲ್ವಾ?"

"ನಿಮ್ಮದು ನೋವು, ನನ್ನದು ನಾಟಕ. ಅಲ್ವಾ ಅತ್ತೆ?"

"ನಾಲಿಗೆ ಬಿಗಿ ಹಿಡಿ," ಎಂದರು ಅಪ್ಪ. "ಸೊಂಟದಲ್ಲಿ ಲೋಹ ಇಟ್ಕೊಂಡೋಳು ಅಂತ ಬೀದಿಯೆಲ್ಲ ಆಡ್ಕೊಳ್ಳತ್ತೆ. ಯಾರು ನಿನ್ನ ಮದುವೆ ಆಗ್ತಾರೆ?"

"ಕುಂಟಿ ಅಂತ ಈಗಲೇ ಆಡ್ಕೊಳ್ತಿದ್ದಾರಪ್ಪ. ನಿನಗೊಬ್ಬನಿಗೇ ಕೇಳಿಸ್ತಿಲ್ಲ."

"ನೆಟ್ಟಗೆ ನಡಿ, ಆಡ್ಕೊಳ್ಳಲ್ಲ. ಮೈಗಳ್ಳತನಕ್ಕೆ ಕುಯ್ದು ಔಷಧಿ ಮಾಡ್ತಾರಾ?" ಅಪ್ಪ ತಟ್ಟೆ ಸರಿಸಿದರು. ಆಮೇಲೆ ದನಿ ತಗ್ಗಿತು. "ಆ ಹೊಸ ಕೀಲೂ ಸವೆಯತ್ತಂತಲ್ಲ. ಸವೆದಾಗ ಮತ್ತೆ ಕುಯ್ಯಬೇಕಂತಲ್ಲ. ನಾನಿರ್ತೀನಾ ಆಗ?"

"ಆಗಿನ ಮಾತು ಆಗ. ಅಲ್ಲೀವರೆಗೆ ನಾನು ನಡೆಯೋದು ಬೇಡ್ವಾ?"

ಅಪ್ಪ ಲೋಟ ಎತ್ತಿ ಗಟಗಟನೆ ನೀರು ಕುಡಿದರು.

"ಹೋಗಲಿ, ಅಂಗಡಿ ಕುರ್ಚಿಯಾದ್ರೂ ಕೊಡು. ಮಂಡಿಗಿಂತ ಎತ್ತರದ್ದೇ ಬೇಕಂತೆ. ತಗ್ಗಿನಲ್ಲಿ ಕೂತ್ರೆ ಹೊಸ ಕೀಲು ಜಾರತ್ತೆ."

"ಓಹೋ! ನಮ್ಮಪ್ಪನ ಕುರ್ಚಿ ಮೇಲೂ ಕಣ್ಣು ಬಿತ್ತಾ?" ಎಂದು ಅಪ್ಪ ಕೈ ತೊಳೆಯಲು ಎದ್ದರು.

ಶುಕ್ರವಾರ ಬುಗುರಿ ಕೆಲಸಕ್ಕೆ ಹೋಗಲಿಲ್ಲ. ಸಂಜೆ, ಅಂಗಡಿ ತುಂಬಿರುವ ಹೊತ್ತು ನೋಡಿಕೊಂಡು, ಮುಂಬಾಗಿಲಿನಿಂದಲೇ ಬಂದು ಗಿರಾಕಿಗಳ ಸ್ಟೂಲಿನ ಮೇಲೆ ಕೂತಳು. ಇಳಿಯುವಾಗ ಸೊಂಟದಲ್ಲಿ ಚಳಕ್ಕೆಂದಿತು. ಸಹಿಸಿಕೊಂಡಳು.

"ಏನೇ ಇದು? ಎದ್ದೇಳು!"

"ಇವತ್ತು ನಾನು ಗಿರಾಕಿ, ಯಜಮಾನ್ರೇ." ಹುಟ್ಟಿದಾಗಿನಿಂದ ಅಪ್ಪನನ್ನು ನೀನು ಎಂದೇ ಕರೆದವಳು ಈಗ ಬಹುವಚನಕ್ಕೆ ಇಳಿದಿದ್ದಳು. "ಲೇಸಿಲ್ಲದ, ಹಿಮ್ಮಡಿ ಮುಚ್ಚಿದ, ಅಡಿ ಜಾರದ ಶೂ ತೋರಿಸಿ. ಆಪರೇಷನ್ ಆದಮೇಲೆ ಬಗ್ಗೋ ಹಾಗಿಲ್ಲ."

ಪಕ್ಕದ ಸ್ಟೂಲಿನಲ್ಲಿದ್ದ ಟೀಚರಮ್ಮ ತಲೆಯೆತ್ತಿ ನೋಡಿದರು. ನಾಲ್ಕು ಜನರೆದುರು ಮಾನ ಕಳೆಯುತ್ತಾಳಲ್ಲ ಎಂದು ಯಜಮಾನರು ಹಲ್ಲು ಕಡಿದು, ಒಂದು ಜೊತೆ ತಂದು ಅವಳ ಮುಂದೆ ಕುಕ್ಕಿದರು.

"ಹಾಕ್ಕೊಂಡು ಹೊರಡು."

"ಹಳೇದರ ಅಡಿ ನೋಡಲ್ವಾ? ಬೀದಿಯವರದ್ದಾದ್ರೆ ಕೇಳದೇನೇ ತಿರುಗಿಸ್ತೀರ."

ತನ್ನ ಶೂ ಬಿಚ್ಚಿ ಅವಳು ಅವರ ಕೈಗೇ ಇಟ್ಟಳು. ಅಂಗಡಿಯೆಲ್ಲ ಇತ್ತಲೇ ನೋಡುತ್ತಿತ್ತು. ಬೇರೆ ದಾರಿ ಕಾಣದೆ ಅವರು ತಿರುಗಿಸಿದರು. ಬಾಯಿ ತನ್ನ ರೂಢಿಯಂತೆ ಶುರುಮಾಡಿತು.

"ಬಲಗಡೆ ಹಿಮ್ಮಡಿ ಪೂರ್ತಿ ಹೋಗಿದೆ. ಭಾರವೆಲ್ಲ ಇದರ ಮೇಲೇ. ಎಡಗಡೆದು..."

ಎಡ ಶೂವಿನ ಹಿಮ್ಮಡಿ ಅಂಗಡಿಯಿಂದ ಈಗತಾನೆ ಹೋದಂತೆ ಹೊಸದಾಗಿತ್ತು. ತುದಿ ಮಾತ್ರ ಉಜ್ಜಿ ಉಜ್ಜಿ ತೂತುಬಿದ್ದು, ಒಳಗಿನಿಂದ ಚರ್ಮದ ತುಂಡೊಂದನ್ನು ಅಂಟಿಸಲಾಗಿತ್ತು. ಯಜಮಾನರ ಹೆಬ್ಬೆರಳು ಆ ತೂತಿನ ಮೇಲೆ ನಿಂತುಬಿಟ್ಟಿತು. ಬುಗುರಿ ಆ ಬೆರಳನ್ನೇ ನೋಡುತ್ತಿದ್ದಳು.

"ಏನಂತೆ? ಹೇಳಿ ಯಜಮಾನ್ರೇ," ಎಂದರು ಟೀಚರಮ್ಮ ಕುತೂಹಲದಿಂದ.

"ಈ ಕಾಲನ್ನ..." ಅವರು ಶೂವನ್ನು ಬೆಳಕಿಗೆ ಹಿಡಿದರು. "ಈ ಕಾಲನ್ನ ನೆಲಕ್ಕೆ ಊರೇ ಇಲ್ಲ. ತುದೀಲಿ ಮುಟ್ಟಿಸ್ಕೊಂಡು ಎಳೆದಿದ್ದಾಳೆ. ತುಂಬಾ ದಿನದಿಂದ."

"ಅಯ್ಯೋ ಪಾಪ! ಡಾಕ್ಟರಿಗೆ ತೋರಿಸೋಕೆ ಹೇಳಿ ಮತ್ತೆ. ಎಲ್ಲರಿಗೂ ಹೇಳ್ತೀರಲ್ಲ."

ಅವರು ತಲೆಯೆತ್ತಲಿಲ್ಲ. ಬುಗುರಿಗೆ ಗೆದ್ದೆನೆಂದು ಖುಷಿಯಾಗಬೇಕಿತ್ತು. ಆಗಲಿಲ್ಲ, ಅಳು ಬಂತು. ಹೊಸ ಶೂ ಮೆಟ್ಟಿಕೊಂಡು, ಯಾರ ಕೈಯೂ ಹಿಡಿಯದೆ, ಎದ್ದು ಹೊರಟಳು.

ಕತ್ತಲಾಗುವ ಮುಂಚೆಯೇ ಅಪ್ಪ ಮನೆಗೆ ಬಂದರು. ಹೆಗಲ ಮೇಲೆ ಅಂಗಡಿಯ ಕುರ್ಚಿಯಿತ್ತು. ಬಾಗಿಲಿಗೆ ತಗುಲಿ ಗೋಡೆಯ ಗಾರೆ ಉದುರಿತು. ನಡುಮನೆಯಲ್ಲಿ ಇಳಿಸಿ, ಅಲುಗಾಡುತ್ತದೆಯೇ ಎಂದು ಒತ್ತಿ ನೋಡಿದರು.

"ಕೂತ್ಕೋ. ಎತ್ತರ ಸಾಲದಿದ್ರೆ ಕಾಲಿಗೆ ಮರದ ತುಂಡು ಹೊಡೀತೀನಿ."

ಬುಗುರಿ ಕೂತಳು. ಬಗ್ಗದೆ, ನೋಯದೆ ಕೂತು ಎಷ್ಟು ದಿನವಾಗಿತ್ತೋ.

"ನಾಳೆ ಎಷ್ಟು ಹೊತ್ತಿಗೆ ಆ ಕ್ಲಾಸು?"

"ಹತ್ತಕ್ಕೆ. ಅಲ್ಲಿ ಬಂದು ಕಿರುಚೋದಾದ್ರೆ ಬರಬೇಡ."

"ಕಿರುಚಲ್ಲ." ಅಪ್ಪ ಅಂಗಿಗೆ ಅಂಟಿದ ಗಾರೆ ಕೊಡವಿಕೊಂಡು, "ಕಿರುಚಿದ್ರೂ ಹೊರಗೆ ಬಂದ್ಮೇಲೆ," ಎಂದರು.

ಬುಗುರಿ ನಗಲಿಲ್ಲ. ಅಷ್ಟು ಬೇಗ ನಗುವ ಮನಸ್ಸು ಅವಳಿಗಿರಲಿಲ್ಲ. ಅಡುಗೆಮನೆಯಿಂದ ಬಂದ ಅತ್ತೆ ಕುರ್ಚಿಯನ್ನು ಕಂಡು ಬಾಯಿಯ ಮೇಲೆ ಕೈಯಿಟ್ಟುಕೊಂಡರು.

"ಅಪ್ಪನ ಕುರ್ಚಿ ಇಲ್ಲಿಗೆ ತಂದ್ಯಾ? ನೀನು ಅಂಗಡೀಲಿ ದಿನವೆಲ್ಲ ಎಲ್ಲಿ ಕೂರ್ತೀಯೋ?"

"ನಿಂತ್ಕೋತೀನಿ ಅಕ್ಕ," ಎಂದರು ಯಜಮಾನರು. "ಇವಳು ಈ ಕಾಲಲ್ಲೇ ನಿಂತಿರಲಿಲ್ವಾ?"