ಪಟ್ಟೆಹುಳದ ತೊರೆ

“ಏಳೋ ಸೋಮಾರಿ! ಹೆಗಲ ಮೇಲೆ ಮೆರೆಯೋಕೆ ಇಷ್ಟೆಲ್ಲಾ ನಾಟಕ ಬೇಕಿತ್ತಾ?” ಎನ್ನುತ್ತ ಬುತುವಾವು ಹೆಣ ಸುತ್ತಿದ ಚಾಪೆಯನ್ನು ಹಿಡಿದೆಳೆದ. ಹೊತ್ತವರು ಮುಗ್ಗರಿಸಿದರು. ಅಳುತ್ತಿದ್ದ ಹೆಂಗಸರು ನಕ್ಕೇಬಿಟ್ಟರು. ಅವನು ಸತ್ತವನ ಕುಲಕ್ಕೆ ಝಿವಾ, ಅಂದರೆ ತಲೆಮಾರುಗಳಿಂದ ಬಂದ ಗೇಲಿಯ ನೆಂಟ. ಸಾವಿನಲ್ಲೂ ಗೇಲಿ ಮಾಡುವುದು ಅವನ ಹಕ್ಕು.

ಸತ್ತವನು ಕಾಡಿನ ದಾರಿ ತೋರಿಸಿ ಬದುಕಿದ ರಾಲೈಮಂಗ. ಅವನನ್ನು ಕಾಡಂಚಿನ ಗೋರಿಯಲ್ಲಿಟ್ಟು ಕಲ್ಲು ಮುಚ್ಚಿದ ಮೇಲೆ ಅವನಣ್ಣ ಎಲ್ಲರ ಕೈಗೂ ಒಂದೊಂದು ಸೋಪಿನ ತುಂಡು ಕೊಟ್ಟ. ಸಾವಿನ ಮೈಲಿಗೆ ತೊಳೆಯದೆ ಊರು ಹೊಗುವಂತಿಲ್ಲ. ದೊಡ್ಡ ಹೊಳೆ ಊರಿನಾಚೆ. ಈಚೆಗಿರುವುದು ಒಂದೇ ತೊರೆ.

“ದೊಡ್ಡಪ್ಪ, ಈ ತೊರೆಗೆ ಸೋಪು ಬೇಡ. ಸೋಪು ಬಿದ್ರೆ ನೀರಿನ ಮೇಲೆ ತೇಲೋಕಾಗ್ದೆ ಅಪ್ಪನ ಹುಳ ಮುಳುಗಿ ಸಾಯುತ್ತೆ,” ಎಂದಳು ಸತ್ತವನ ಮಗಳು ವುಲಾಹಂಟಾ.

“ಹುಳಕ್ಕೋಸ್ಕರ ನೆಂಟರಿಗೆ ಬರೀ ನೀರಾ? ಊರೇ ಉಗಿಯುತ್ತೆ ಕಣಮ್ಮ. ಕೊಟ್ಟಿದ್ದನ್ನ ವಾಪಸ್ ಕೇಳೋ ಬಾಯಿ ನನಗಿಲ್ಲ.”

*

ಅವಳಿಗೆ ಎಂಟು ವರ್ಷವಿದ್ದಾಗ ಅಪ್ಪ ಈ ತೊರೆಯ ದಂಡೆಯಲ್ಲೇ ಬೋರಲು ಮಲಗಿಸಿ ಆ ಹುಳ ತೋರಿಸಿದ್ದ: ಬೆನ್ನಿಗೆ ಪಟ್ಟೆ, ನೀರಿನ ಮೇಲೆ ಗಿರಗಿರ ಸುತ್ತಾಟ.

“ಇದನ್ನ ಹುಡುಕ್ಕೊಂಡು ನನ್ ಜೊತೆ ಕಾಡಿಗೆ ಬಂದಿದ್ದ ವಿಜ್ಞಾನಿ ಅಮ್ಮ ಹೇಳಿದ್ರು ಮಗಳೇ. ನಮ್ಮ ಮಡಗಾಸ್ಕರ್ ದ್ವೀಪ ಆಗೋಕ್ ಮುಂಚೇನೇ, ಆಫ್ರಿಕಾ ಇಂಡಿಯಾ ಎಲ್ಲಾ ಅಂಟಿಕೊಂಡಿದ್ದಾಗ್ಲೇ, ಇದರ ವಂಶ ಬೇರೆ ಆಗಿತ್ತಂತೆ. ಆಮೇಲೆ ಹೊಸ ಹುಳಗಳು ದೊಡ್ಡ ಹೊಳೆಗಳನ್ನ ಹಿಡ್ಕೊಂಡ್ವು. ಬಳಗವೆಲ್ಲ ಹೋಗಿ ಇದೊಂದೇ ಉಳೀತು.”

“ನಮ್ಮಜ್ಜನಿಗಿಂತ ದೊಡ್ಡದಾ?”

“ಅಜ್ಜನ ಅಜ್ಜನಿಗೂ ಅಜ್ಜ.”

ಅವನು ಎಂದೂ ಅಲ್ಲಿ ಮೈ ತೊಳೆಯಲಿಲ್ಲ. ಕೆಸರು ಮೆತ್ತಿಕೊಂಡೇ ಊರು ದಾಟಿ ಹೊಳೆಗೆ ಹೋಗುತ್ತಿದ್ದ. ಆ ಕೆಸರುಗಾಲಿನ ಅಪ್ಪನೆಂದರೆ ಅವಳಿಗೆ ಪ್ರಾಣ.

*

ಹೆಂಗಸೊಬ್ಬಳು ಸೋಪು ನೆನೆಸಲು ತೊರೆಗೆ ಬಗ್ಗಿದಳು.

“ಮಾವ, ನೀನಾದ್ರೂ ಹೇಳು,” ಎಂದು ವುಲಾಹಂಟಾ ಬುತುವಾವುವಿನ ತೋಳು ಹಿಡಿದಳು.

“ನನ್ನನ್ಯಾಕೆ ಪೀಡಿಸ್ತೀಯೇ, ಹುಳದ ಮೊಮ್ಮಗಳೇ?” ಎಂದವನೇ ಅವನು ನೀರಿಗೆ ಅಡ್ಡ ನಿಂತ. “ನಿಲ್ಲಿ! ನನ್ನ ಝಿವಾ ಪಾಲು ಬಂದಿಲ್ಲ.”

“ಎತ್ತಿನ ತೊಡೆ ತೆಗೆದಿಟ್ಟಿದೀನಲ್ಲೋ,” ಎಂದ ದೊಡ್ಡಪ್ಪ.

“ತೊಡೆ ನೀನೇ ಕಡಿ, ಹಲ್ಲಿದ್ರೆ. ನನಗೆ ಸೋಪು ಬೇಕು. ಎಲ್ಲಾ ಸೋಪೂ! ಆ ಕೊಳಕ ಸಾಯೋವರೆಗೂ ಇಲ್ಲಿ ಸೋಪು ಮುಟ್ಟಲಿಲ್ಲ. ನೀವೇನು ಅವನಿಗಿಂತ ಮೇಲಾ?”

ಝಿವಾ ಕೇಳಿದ ಮೇಲೆ ಇಲ್ಲವೆನ್ನುವಂತಿಲ್ಲ. ದೊಡ್ಡಪ್ಪ ತನ್ನ ತುಂಡನ್ನೇ ಮೊದಲು ಕೊಟ್ಟ. ಉಳಿದವರು ಬೈಯುತ್ತ, ನಗುತ್ತ ಕೊಟ್ಟು ಬರೀ ನೀರಿಗಿಳಿದರು. ಹುಳಗಳು ಬೇರಿನ ಸಂದಿಗೆ ಸರಿದು ಅಲ್ಲೇ ಸುತ್ತತೊಡಗಿದವು.

ವುಲಾಹಂಟಾ ಕೊನೆಯವಳಾಗಿ ಮಿಂದು ಬಂದಾಗ ಬುತುವಾವು ಗೋರಿಗೆ ಬೆನ್ನು ಕೊಟ್ಟು, ಮುಖವನ್ನು ಮಡಿಲಿಗೆ ಬಗ್ಗಿಸಿ ಒಬ್ಬನೇ ಕೂತಿದ್ದ. ಅವನಿನ್ನೂ ನೀರಿಗೆ ಇಳಿದಿರಲಿಲ್ಲ. ಆದರೂ ಅವನ ಮಡಿಲಿನ ಸೋಪಿನ ತುಂಡುಗಳು ಒದ್ದೆಯಾಗಿ ಒಂದೊಂದೇ ಜಾರುತ್ತಿದ್ದವು.